ಹೊದಿಕೆಯೋ, ಗಾಳಿಯೋ? ಮನೆ ರಿಪೇರಿಯ ಧೂಳಿಗೆ ನಾನು ಹೂಡಿ ನೋಡಿದ ಉಪಾಯಗಳು

ಮನೆಯಲ್ಲೇ ಇದ್ದುಕೊಂಡು ಎರಡು ಸಲ ರಿಪೇರಿ ಮಾಡಿಸಿದ್ದೇನೆ. ಮೊದಲು ಬಾತ್‌ರೂಮು, ಎಂಟು ತಿಂಗಳಾದ ಮೇಲೆ ಅಡುಗೆಮನೆ. ಎರಡರಲ್ಲೂ ಹಳೆ ಟೈಲ್ಸ್ ಒಡೆದು ಹೊಸದು ಕೂರಿಸುವ ಕೆಲಸ, ಕೊನೆಗೆ ಪುಟ್ಟಿ, ಪೇಂಟು. ಮೊದಲ ಸಲ ಧೂಳು ಮುಚ್ಚಿದ ಬೀರುವಿನೊಳಗೆ ಮಡಿಸಿಟ್ಟ ಬಟ್ಟೆಯವರೆಗೂ ಹೋಯಿತು. ಉಬ್ಬಸವಿರುವ ಅಮ್ಮ ಎಷ್ಟೋ ರಾತ್ರಿ ದಿಂಬಿಗೆ ಒರಗಿ ಕೂತೇ ಕಣ್ಣು ಮುಚ್ಚಿದರು. ಎರಡನೇ ಸಲ ಹಾಗಾಗಬಾರದೆಂದು ಒಂದೊಂದು ಉಪಾಯವನ್ನೂ ಬೇರೆಬೇರೆ ದಿನ ಹೂಡಿ ನೋಡಿದೆ. ಅಳತೆಗೆ ಒಂದು ಕರಿ ಗಾಜಿನ ತಟ್ಟೆ ಸಾಕಾಯಿತು. ಬೆಳಿಗ್ಗೆ ಒರೆಸಿ ಅಮ್ಮನ ಮಂಚದ ಪಕ್ಕ ಇಡುವುದು, ಸಂಜೆ ಬೆರಳಲ್ಲಿ ಗೆರೆ ಎಳೆದು ಟಾರ್ಚ್ ಅಡ್ಡ ಹಿಡಿದು ನೋಡುವುದು.

ಬಾಗಿಲಿಗೆ ಏನು ಕಟ್ಟುವುದು ಎಂಬಲ್ಲಿಂದ ಶುರು ಮಾಡುತ್ತೇನೆ. ಬಾತ್‌ರೂಮ್ ಕೆಲಸದಲ್ಲಿ ಹಳೆ ಬೆಡ್‌ಶೀಟನ್ನು ನೀರಲ್ಲಿ ಅದ್ದಿ ಹಿಂಡಿ ತೂಗುಬಿಟ್ಟಿದ್ದೆ. ಒದ್ದೆ ಇರುವಷ್ಟು ಹೊತ್ತು ದಪ್ಪ ಧೂಳನ್ನು ಹಿಡಿಯಿತು, ನಿಜ. ಆದರೆ ಮಧ್ಯಾಹ್ನದೊಳಗೆ ಒಣಗಿ, ಯಾರಾದರೂ ಸರಿಸಿಕೊಂಡು ಹೋದಾಗಲೆಲ್ಲ ಹಿಡಿದದ್ದನ್ನೇ ಕೊಡವುತ್ತಿತ್ತು. ಎರಡನೇ ಸಲ ದಪ್ಪ ಪ್ಲಾಸ್ಟಿಕ್ ಹಾಳೆ ತಂದು, ಬಾಗಿಲ ಚೌಕಟ್ಟಿನ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಓಡಾಟಕ್ಕೆ ನಡುವೆ ಅಂಟಿಸುವ ಜಿಪ್ ಹಾಕಿದೆ. ತೆಳು ಹಾಳೆ ಬೇಡವೇ ಬೇಡ, ಗಾರೆ ಬಾಂಡ್ಲಿ ತಗುಲಿದರೆ ಮೊದಲ ದಿನವೇ ಹರಿಯುತ್ತದೆ. ಪಾರ್ಸೆಲ್ ಡಬ್ಬಕ್ಕೆ ಹಚ್ಚುವ ಕಂದು ಟೇಪ್ ಗಟ್ಟಿಯೇನೋ ಹೌದು, ಕೀಳುವಾಗ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬಂತು. ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಗೋಡೆಗೆ ಕ್ಷೇಮ, ಆದರೆ ಹಾಳೆಯ ಭಾರಕ್ಕೆ ಎರಡನೇ ದಿನ ಜಾರಿತು. ಕೊನೆಗೆ ಮೊದಲು ಮಾಸ್ಕಿಂಗ್ ಟೇಪ್, ಅದರ ಮೈಮೇಲೆ ಗಟ್ಟಿ ಟೇಪ್ ಎಂದು ಎರಡು ಪದರ ಮಾಡಿದ್ದು ಪೂರ್ತಿ ಕೆಲಸ ಮುಗಿಯುವವರೆಗೂ ನಿಂತಿತು.

ಇಷ್ಟಾದರೂ ತಟ್ಟೆಯ ಮೇಲೆ ಗೆರೆ ಬೀಳುತ್ತಲೇ ಇತ್ತು, ಮೊದಲಿಗಿಂತ ತೆಳುವಾಗಿ ಅಷ್ಟೇ. ಹೊದಿಕೆ ಎಷ್ಟೇ ಬಿಗಿಯಾಗಿದ್ದರೂ ಕೆಲಸದ ಕೋಣೆಯ ಗಾಳಿ ಮನೆಯೊಳಕ್ಕೆ ತಳ್ಳುತ್ತಿದ್ದರೆ ಸಂದಿಯಿಂದ ಧೂಳು ಬಂದೇ ಬರುತ್ತದೆ. ಇದು ನನಗೆ ಹೊಳೆದದ್ದು ಪ್ಲಾಸ್ಟಿಕ್ ಹಾಳೆಯನ್ನು ನೋಡಿ. ಅಡುಗೆಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದ ದಿನ ಹಾಳೆ ಹಾಲಿನ ಕಡೆಗೆ ಉಬ್ಬಿತ್ತು. ಮರುದಿನ ಒಂದೇ ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನನ್ನು ಹೊರಮುಖವಾಗಿ ಕೂರಿಸಿ, ಸುತ್ತಲ ಸಂದಿಗೆ ರಟ್ಟು ಕತ್ತರಿಸಿ ಮುಚ್ಚಿ, ಉಳಿದ ಕಿಟಕಿಗಳನ್ನು ಹಾಕಿಬಿಟ್ಟೆ. ಸ್ವಿಚ್ ಒತ್ತಿದ್ದೇ ತಡ, ಹಾಳೆ ಪಟ್ ಎಂದು ಅಡುಗೆಮನೆಯ ಕಡೆಗೆ ಎಳೆದುಕೊಂಡು ಬಿಗಿಯಾಯಿತು. ಅಂದರೆ ಮನೆಯ ಗಾಳಿ ಅಡುಗೆಮನೆಗೆ ಹೋಗುತ್ತಿದೆ, ಅಲ್ಲಿಂದ ಹೊರಗೆ. ಅವತ್ತು ಸಂಜೆ ತಟ್ಟೆಯ ಮೇಲೆ ಗೆರೆ ಕಾಣಲು ಟಾರ್ಚನ್ನು ತೀರ ಹತ್ತಿರ ತರಬೇಕಾಯಿತು. ಹಾಳೆಗೆ ಮಾಡಿದ ಖರ್ಚಿಗಿಂತ ಈ ಫ್ಯಾನ್ ಹೆಚ್ಚು ಕೆಲಸ ಮಾಡಿತು ಎಂದು ಖಂಡಿತವಾಗಿ ಹೇಳುತ್ತೇನೆ. ಒಂದು ಎಚ್ಚರಿಕೆ: ಒಳಗೆ ಗ್ಯಾಸ್ ಗೀಸರ್ ಇದ್ದರೆ ಫ್ಯಾನ್ ಓಡುವಾಗ ಅದನ್ನು ಹಚ್ಚಬೇಡಿ, ಹೊರಗೆ ಹೋಗಬೇಕಾದ ಹೊಗೆ ಒಳಕ್ಕೇ ಎಳೆದುಕೊಳ್ಳಬಹುದು.

ಏರ್ ಪ್ಯೂರಿಫೈಯರನ್ನು ಎರಡು ಕಡೆ ಇಟ್ಟು ನೋಡಿದೆ. ಕೆಲಸದ ಜಾಗದ ಹತ್ತಿರ ಅದು ವ್ಯರ್ಥ, ಎರಡೇ ದಿನದಲ್ಲಿ ಹೊರ ಜಾಲರಿ ಬೂದುಬಣ್ಣದ ಕಂಬಳಿಯಂತಾಯಿತು. ಬಾಗಿಲು ಹಾಕಿದ ಅಮ್ಮನ ಕೋಣೆಯಲ್ಲಿ ಮಾತ್ರ ಚೆನ್ನಾಗಿ ನೆರವಾಯಿತು.

ಈಗ ಧೂಳು ಹುಟ್ಟುವ ಜಾಗಕ್ಕೆ ಬರುತ್ತೇನೆ. ಟೈಲ್ಸನ್ನು ಗ್ರೈಂಡರ್‌ನಲ್ಲಿ ಒಣದಾಗಿ ಕೊಯ್ದರೆ ಒಂದೇ ನಿಮಿಷದಲ್ಲಿ ಎದುರಿನ ಗೋಡೆ ಕಾಣುವುದಿಲ್ಲ. ಟೈಲ್ಸ್, ಕಾಂಕ್ರೀಟು, ಗಾರೆ, ಗ್ರಾನೈಟ್ ಎಲ್ಲದರಲ್ಲೂ ಸಿಲಿಕಾ ಇದೆ, ಮರಳಿನಲ್ಲಿರುವ ಖನಿಜವೇ ಅದು. ಅದರ ಅತಿ ಸಣ್ಣ ಕಣ 4 ಮೈಕ್ರಾನ್‌ಗಿಂತ ಕಡಿಮೆ. ನಮ್ಮ ಕೂದಲೆಳೆ ಸುಮಾರು 70 ಮೈಕ್ರಾನ್ ದಪ್ಪ. ಅಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ವರ್ಷಗಟ್ಟಲೆ ಅದನ್ನೇ ಉಸಿರಾಡುವ ಕೆಲಸಗಾರರಿಗೆ ಶ್ವಾಸಕೋಶ ಗಡುಸಾಗುವ ಸಿಲಿಕೋಸಿಸ್ ಎಂಬ ಕಾಯಿಲೆ ಬರಬಹುದು. 1997ರಲ್ಲೇ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಸಿಲಿಕಾ ಧೂಳನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿತು. ಹಾಗಾಗಿ ಇದು ನಮ್ಮ ಮನೆ ಚೊಕ್ಕಟವಾಗಿರುವ ಪ್ರಶ್ನೆಯಷ್ಟೇ ಅಲ್ಲ, ಮುಖಕ್ಕೆ ಟವೆಲ್ ಸುತ್ತಿಕೊಂಡು ಕೊಯ್ಯುವ ಹುಡುಗನದೂ ಹೌದು.

‘ಬೇಗ ಮುಗಿಸಿಬಿಡ್ತೀನಿ ಮೇಡಂ, ಏನೂ ಆಗಲ್ಲ’ ಅಂದರು ಮೇಸ್ತ್ರಿ. ನಾನು ಒಪ್ಪಲಿಲ್ಲ. ನೇರ ಕೊಯ್ತಗಳಿಗೆ ಗೀರಿ ಮುರಿಯುವ ಕೈ ಕಟರ್ ತರಿಸಿದರು, ಧೂಳು ಇಲ್ಲವೆನ್ನುವಷ್ಟು ಕಡಿಮೆ. ಮೂಲೆ, ಪೈಪಿನ ತೂತುಗಳಿಗೆ ನೀರು ಬಿಟ್ಟು ಕೊಯ್ಯುವ ಮಷೀನ್. ಅದರಲ್ಲಿ ಕೆಸರು ಹರಿಯುತ್ತದೆ, ಅದು ಒಣಗುವ ಮುಂಚೆ ಬಳಿಯಬೇಕು. ನೀರಿಗೆಂದೇ ಮಾಡಿದ ಮಷೀನೇ ಆಗಬೇಕು, ಸಾದಾ ಗ್ರೈಂಡರ್‌ಗೆ ಮಗ್‌ನಿಂದ ನೀರು ಹೊಯ್ದರೆ ಶಾಕ್ ಹೊಡೆಯುವ ಅಪಾಯವಿದೆ. ಕೊಯ್ಯುವವರಿಗೆ ಬಟ್ಟೆ ಮಾಸ್ಕ್ ಬದಲು ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95 ಕೊಟ್ಟೆ.

ಪುಟ್ಟಿ ಉಜ್ಜುವುದು ಇನ್ನೊಂದು ಕಾಟ. ಕೈಯಲ್ಲಿ ಉಪ್ಪುಕಾಗದ ಹಿಡಿದು ಉಜ್ಜಿದ ದಿನ ಇಡೀ ಕೋಣೆ ಬಿಳಿ. ವ್ಯಾಕ್ಯೂಮ್ ಪೈಪ್ ಜೋಡಿಸಿದ ಸ್ಯಾಂಡರ್ ಹಿಡಿದ ದಿನ ನೆಲದಲ್ಲಿ ಹೆಜ್ಜೆ ಗುರುತೂ ಮೂಡಲಿಲ್ಲ. ಗೋಡೆಯ ಬಣ್ಣ ತುಂಬ ಹಳೆಯದಾದರೆ ಉಜ್ಜುವ ಮುಂಚೆ ಸೀಸ ಇದೆಯೇ ಎಂದು ಪರೀಕ್ಷೆ ಮಾಡಿಸಿ, ಮಕ್ಕಳಿರುವ ಮನೆಯಲ್ಲಂತೂ ತಪ್ಪದೇ.

ಗುಡಿಸುವ ವಿಷಯದಲ್ಲಿ ನನ್ನ ತೀರ್ಪು ಕಟುವಾದದ್ದು: ಕೆಲಸ ಮುಗಿಯುವವರೆಗೂ ಪೊರಕೆ ಮುಟ್ಟಬೇಡಿ. ಅದು ಕೂತ ಧೂಳನ್ನು ಎಬ್ಬಿಸಿ ಇನ್ನೊಂದು ಕೋಣೆಗೆ ಕಳಿಸುತ್ತದೆ. ಸಾದಾ ವ್ಯಾಕ್ಯೂಮ್ ಕ್ಲೀನರ್ ಕೂಡ ಸಣ್ಣ ಕಣವನ್ನು ಹಿಂದಿನ ಬಾಯಿಂದ ಹೊರಗೆ ಊದುತ್ತಿತ್ತು. ಬಿಸಿಲ ಕೋಲಿನಲ್ಲಿ ಅದು ಹೊಗೆಯಂತೆ ಕಾಣಿಸಿತು. ಆಮೇಲೆ ಹೆಪಾ ಎಂಬ ಅತಿ ಸೂಕ್ಷ್ಮ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಿದೆ. ಆ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲೂ 99.97 ಶೇಕಡದಷ್ಟನ್ನು ಹಿಡಿಯುವಂಥದು, ಆ ವ್ಯತ್ಯಾಸ ತಟ್ಟೆಯಲ್ಲೇ ಗೊತ್ತಾಯಿತು. ಅದು ಸಿಗದಿದ್ದರೆ ಒದ್ದೆ ಬಟ್ಟೆ, ಬಕೆಟ್ಟಿನ ನೀರು ಆಗಾಗ ಬದಲಿಸುತ್ತ.

ಅಡುಗೆಮನೆ ಮುಗಿದ ರಾತ್ರಿಯೇ ಹಾಳೆ ಕೀಳಲು ಮನೆಯವರಿಗೆಲ್ಲ ಆತುರ. ನಾನು ಮರುದಿನ ಬೆಳಿಗ್ಗೆವರೆಗೆ ಫ್ಯಾನ್ ಓಡಲು ಬಿಟ್ಟೆ. ಆಮೇಲೆ ಸಜ್ಜಾ, ಫ್ಯಾನ್ ರೆಕ್ಕೆ, ಬಾಗಿಲ ತಲೆ ಎಂದು ಮೇಲಿನಿಂದ ಕೆಳಗೆ ಒರೆಸಿ, ಹಾಳೆಯ ಕೊಳೆ ಮುಖ ಒಳಗಾಗುವಂತೆ ಸುತ್ತಿ ಹೊರಗೆ ಒಯ್ದೆ. ಅಲ್ಲಿಯವರೆಗೆ ಮನೆಯ ಎಸಿಯನ್ನಾಗಲಿ, ಸೀಲಿಂಗ್ ಫ್ಯಾನನ್ನಾಗಲಿ ಹಾಕಿರಲಿಲ್ಲ. ಆ ರಾತ್ರಿ ಅಮ್ಮ ಕಾಲು ಚಾಚಿ ಮಲಗಿದರು.