ಫೌಂಟನ್ಸ್ ಆ್ಯಬಿ: ಗೋಪುರ ಆಮೇಲೆ, ಮೊದಲು ಉಗ್ರಾಣ ನೋಡಿ

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ರಿಪನ್ ಹತ್ತಿರ ಇರುವ ಈ ಹಳೇ ಮಠಕ್ಕೆ ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ಬಂದವರಲ್ಲಿ ತುಂಬಾ ಜನ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನೇರ ಪಶ್ಚಿಮದ ಕಡೆಯ ಉಗ್ರಾಣಕ್ಕೆ ಹೋಗಿ. ಸುಮಾರು 90 ಮೀಟರ್ ಉದ್ದ, ಮಧ್ಯೆ ಒಂದೇ ಸಾಲು ಕಂಬ. ಕಂಬಗಳಿಗೆ ಬೋದಿಗೆಯೇ (ಕಂಬದ ತಲೆಯ ಮೇಲಿನ ಅಗಲ ಕಲ್ಲು) ಇಲ್ಲ, ನೆಲದಿಂದ ಎದ್ದ ಕಲ್ಲು ಹಾಗೇ ಕವಲೊಡೆದು ಕಮಾನಾಗಿ ಛಾವಣಿ ಹೊತ್ತುಕೊಂಡಿದೆ. ಈಗ ಒಂದೇ ದೊಡ್ಡ ಹಜಾರದ ಥರ ಕಾಣುತ್ತೆ, ಆದರೆ ಆಗ ಅಡ್ಡಗೋಡೆಗಳಿದ್ದವು: ಒಂದು ಕಡೆ ದವಸ, ಸಾಮಾನು, ಇನ್ನೊಂದು ಕಡೆ ಲೇ ಬ್ರದರ್‌ಗಳ ಊಟದ ಮನೆ, ಮೇಲಿನ ಮಹಡಿಯಲ್ಲಿ ಅವರು ಮಲಗುವ ಜಾಗ. ಇವರೂ ಸನ್ಯಾಸಿಗಳ ಹಾಗೆ ವ್ರತ ತೊಟ್ಟವರೇ, ಆದರೆ ಇವರ ಪಾಲಿಗೆ ಬಂದಿದ್ದು ಜಾಸ್ತಿ ಮೈಮುರಿಯುವ ಕೆಲಸ. ಕುರಿ, ಹೊಲ ನೋಡಿಕೊಂಡರು. ಇಲ್ಲಿನ ಉಣ್ಣೆ ಇಟಲಿಯ ವ್ಯಾಪಾರಿಗಳ ತನಕ ಹೋಯಿತು, ಮಠ ಶ್ರೀಮಂತವಾಯಿತು. ಅಷ್ಟು ಚೆಂದದ ಕಟ್ಟಡ ಸಿಕ್ಕಿದ್ದು ದುಡಿಯುವವರಿಗೆ ಅನ್ನೋದೇ ನನಗೆ ತುಂಬಾ ಹಿಡಿಸಿತು.

ಶುರುವಾಗಿದ್ದು 1132ರಲ್ಲಿ. ಯಾರ್ಕ್‌ನ ಸೇಂಟ್ ಮೇರಿ ಮಠದಲ್ಲಿ ಶಿಸ್ತು ಸಡಿಲವಾಗಿದೆ ಅಂತ ಜಗಳವಾಗಿ 13 ಸನ್ಯಾಸಿಗಳು ಹೊರಬಂದು ಸ್ಕೆಲ್ ನದಿಯ ಈ ಕಣಿವೆಯಲ್ಲಿ ನೆಲೆಸಿದರು, ಆಮೇಲೆ ಸಿಸ್ಟರ್ಷಿಯನ್ ಪಂಥ ಸೇರಿದರು. ಬದುಕೂ ಸರಳ, ಕಟ್ಟಡವೂ ಸರಳ ಇರಬೇಕು ಅನ್ನುವ ಪಂಥ ಅದು. ಚರ್ಚಿನ ಒಳಗೆ ನಿಂತರೆ ಗೊತ್ತಾಗುತ್ತೆ: ದಪ್ಪ ಗುಂಡು ಕಂಬಗಳು, ಅದರ ಮೇಲೆ ಚೂಪು ಕಮಾನು, ಇನ್ನೂ ಮೇಲೆ ನೋಡಿದರೆ ದುಂಡು ತಲೆಯ ಕಿಟಕಿಗಳು. ಹಳೇ ಶೈಲಿ, ಹೊಸ ಶೈಲಿ ಎರಡೂ ಒಂದೇ ಗೋಡೆಯಲ್ಲಿವೆ. ಪೂರ್ವದ ತುದಿಯಲ್ಲಿ ಒಂಬತ್ತು ಪೂಜಾಪೀಠಗಳ ಚಾಪೆಲ್ ಇದೆ, 13ನೇ ಶತಮಾನದ್ದು, ಅದನ್ನೂ ಬಿಡಬೇಡಿ.

ಇನ್ನು ಆ ಗೋಪುರ. ಸುಮಾರು 50 ಮೀಟರ್ ಎತ್ತರ, ಮಠಾಧಿಪತಿ ಮಾರ್ಮಡ್ಯೂಕ್ ಹ್ಯೂಬಿ ಕಟ್ಟಿಸಿದ್ದು, 1500ರ ಆಸುಪಾಸು. ಕಲ್ಲಿನ ಗಂಟೆಗೋಪುರವೇ ಬೇಡ ಅಂತ ಹಿಂದೆ ನಿಯಮ ಮಾಡಿದ್ದ ಪಂಥದವರೇ ಇದನ್ನು ಎಬ್ಬಿಸಿದರು ಅಂದರೆ ಕಾಲ ಎಷ್ಟು ಬದಲಾಗಿತ್ತು ನೋಡಿ. ಅದಕ್ಕೇ ಇದನ್ನು ಕೊನೆಗೆ ನೋಡಿ ಅನ್ನೋದು. 1539ರಲ್ಲಿ ರಾಜ ಎಂಟನೇ ಹೆನ್ರಿ ಕಾಲದಲ್ಲಿ ಮಠ ಮುಚ್ಚಿತು. ಇಲ್ಲಿನ ಕಲ್ಲನ್ನೇ ಬಳಸಿ ಕಟ್ಟಿದ ಫೌಂಟನ್ಸ್ ಹಾಲ್ ಅನ್ನುವ ಬಂಗಲೆ ಪಕ್ಕದಲ್ಲೇ ಇದೆ.

ನ್ಯಾಷನಲ್ ಟ್ರಸ್ಟ್ (ಇಂಥ ಹಳೇ ಜಾಗಗಳನ್ನು ನೋಡಿಕೊಳ್ಳುವ ಸಂಸ್ಥೆ) ಸದಸ್ಯರಿಗೆ ಪ್ರವೇಶ ಉಚಿತ. ವಿಸಿಟರ್ ಸೆಂಟರ್‌ನಿಂದ ಇಳಿಜಾರು ದಾರಿ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ವೆಸ್ಟ್ ಗೇಟ್ ಕಡೆಯಿಂದ ಹೋಗಿ, ಅಲ್ಲಿಂದ ಮಠ ಹತ್ತಿರ. ಸ್ಟಡ್ಲಿ ರಾಯಲ್ ತೋಟವೂ ಇದೇ ಆವರಣದಲ್ಲಿದೆ, ಹಾಗಾಗಿ ಬೆಳಗ್ಗೆಯೇ ಹೊರಡಿ.