ದಾವಣಗೆರೆಯಲ್ಲಿ ಸವೆತ ಪರೀಕ್ಷೆ: ಕೆಲಸ ಅಚ್ಚುಕಟ್ಟು, ವರದಿ ಅರೆಬರೆ

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗವು ತನ್ನ ಸವೆತ ಪರೀಕ್ಷಾ ಯಂತ್ರವನ್ನು ಹೊರಗಿನ ಸಂಶೋಧನಾ ವಿದ್ಯಾರ್ಥಿಗಳಿಗೂ ಶುಲ್ಕ ಪಡೆದು ಒದಗಿಸುತ್ತಿದೆ. ಚಳ್ಳಕೆರೆ ಬಳಿ 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾದ ಮೇಲೆ ಚಿತ್ರದುರ್ಗದ ನಮ್ಮ ವಿದ್ಯಾರ್ಥಿಗಳಿಗೂ ವಿಮಾನದ ವಿಷಯಗಳೇ ಬೇಕು; ಹೀಗಾಗಿ ಎಂಜಿನ್ನಿನ ಫ್ಯಾನ್ ಮತ್ತು ಕಂಪ್ರೆಸರ್ ಬ್ಲೇಡುಗಳಿಗೆ ಬಳಸುವ ಟೈಟಾನಿಯಂ ಮಿಶ್ರಲೋಹದ ಪಿನ್ನುಗಳನ್ನು ಅಲ್ಲಿ ಪರೀಕ್ಷಿಸಿದೆವು.

ಅಲ್ಲಿರುವುದು ಸವೆತ ಪರೀಕ್ಷೆಯ ಎಎಸ್‌ಟಿಎಂ ಜಿ99 ಮಾನದಂಡವನ್ನು ಅನುಸರಿಸುವ ಪಿನ್-ಆನ್-ಡಿಸ್ಕ್ ಯಂತ್ರ, ಅಂದರೆ ತಿರುಗುವ ಡಿಸ್ಕಿನ ಮೇಲೆ ಮಾದರಿ ಲೋಹದ ಪಿನ್ನನ್ನು ಒತ್ತಿ ಸವೆಸುವ ಯಂತ್ರ. 100 ಮಿ.ಮೀ. ವ್ಯಾಸದ ಪಥದಲ್ಲಿ ಉಕ್ಕಿನ ಡಿಸ್ಕ್ ನಿಮಿಷಕ್ಕೆ 400 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 2.1 ಮೀಟರ್ ವೇಗವಾಗುತ್ತದೆ, 1000 ಮೀಟರ್ ಜಾರಲು ಎಂಟು ನಿಮಿಷ ಸಾಕು. ಹೊತ್ತು ಹಿಡಿಯುವುದು ಸಿದ್ಧತೆಯೇ. ಪಿನ್ನಿನ ತುದಿ ಡಿಸ್ಕಿಗೆ ಪೂರ್ತಿ ತಾಗುವಂತೆ ಎಮರಿ ಕಾಗದದಲ್ಲಿ ಉಜ್ಜಿ, ಅಸಿಟೋನಿನಲ್ಲಿ ತೊಳೆದು, ಒಣಗಿಸಿ, 0.1 ಮಿಲಿಗ್ರಾಂ ಸೂಕ್ಷ್ಮತೆಯ ತಕ್ಕಡಿಯಲ್ಲಿ ತೂಗುವ ಕೆಲಸವನ್ನು ಅಲ್ಲಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಪ್ರತಿ ಮಾದರಿಗೂ ಒಂದೇ ಶಿಸ್ತಿನಿಂದ ಮಾಡಿದರು. ಈ ತಾಳ್ಮೆ ಎಲ್ಲ ಕಡೆ ಸಿಗುವುದಿಲ್ಲ.

ಕೊರತೆಯಿರುವುದು ವರದಿಯಲ್ಲಿ. ಅದರಲ್ಲಿ ಪಿನ್ ಕಳೆದುಕೊಂಡ ತೂಕ ಮಾತ್ರ ಇತ್ತು. ಟೈಟಾನಿಯಂ ಎದುರಿನ ಲೋಹಕ್ಕೆ ಅಂಟಿ ಕಿತ್ತುಬರುವ ಸ್ವಭಾವದ್ದಾದ್ದರಿಂದ ಡಿಸ್ಕಿನ ತೂಕವನ್ನೂ ನೋಡದೆ ಲೆಕ್ಕ ಪೂರ್ಣವಾಗದು. ಮಾನದಂಡವೂ ಸವೆತವನ್ನು ಘನ ಮಿಲಿಮೀಟರಿನಲ್ಲಿ ಹೇಳಬೇಕೆನ್ನುತ್ತದೆ. ಕೊಠಡಿಯ ತೇವಾಂಶವನ್ನಂತೂ ನಮೂದಿಸಿಯೇ ಇರಲಿಲ್ಲ.

ಯಂತ್ರದ ಮಿತಿ ಬೇರೆಯೇ ವಿಷಯ, ಅದಕ್ಕೆ ಕಾಲೇಜನ್ನು ದೂರುವಂತಿಲ್ಲ. ಫ್ಯಾನ್ ಬ್ಲೇಡಿನ ಬುಡ ತನ್ನ ತೋಡಿನೊಳಗೆ ಕೂತಲ್ಲೇ ಕಂಪಿಸಿ, ಕೆಲವೇ ಮೈಕ್ರಾನುಗಳಿಂದ ಹಲವು ಹತ್ತು ಮೈಕ್ರಾನುಗಳಷ್ಟು ಹಿಂದೆಮುಂದೆ ಜರುಗಿ ಸವೆಯುತ್ತದೆ. ಅದನ್ನು ತಡೆಯಲೆಂದೇ ಅಲ್ಲಿ ತಾಮ್ರ-ನಿಕಲ್-ಇಂಡಿಯಂ ಲೇಪನವನ್ನೂ ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಒಣ ಜಾರುಕವನ್ನೂ ಬಳಸುತ್ತಾರೆ. ಒಂದೇ ದಿಕ್ಕಿಗೆ ಜಾರಿಸುವ ಈ ಯಂತ್ರ ಅಂಥ ಲೇಪನಗಳನ್ನು ಮೊದಲ ಸುತ್ತಿನಲ್ಲಿ ಜರಡಿ ಹಿಡಿಯಲು ಬಂದೀತೇ ಹೊರತು ಬ್ಲೇಡಿನ ಬಾಳಿಕೆ ಹೇಳಲಾರದು. ಮಾದರಿಯನ್ನು ಕಾಯಿಸುವ ಕುಲುಮೆಯೂ ಇಲ್ಲದ ಕಾರಣ ಇನ್‌ಕೊನೆಲ್ 718 ಎಂಬ ನಿಕಲ್ ಮಿಶ್ರಲೋಹದಂತಹ, ಎಂಜಿನ್ನಿನ ಬಿಸಿಭಾಗದ ಲೋಹಗಳನ್ನು ಅಲ್ಲಿಗೆ ಒಯ್ಯುವುದು ವ್ಯರ್ಥ. ಹೆಚ್ಚಿನ ಉಷ್ಣತೆಯಲ್ಲಿ ಅವುಗಳ ಮೇಲೆ ನಯವಾದ ಆಕ್ಸೈಡ್ ಪದರ ಮೂಡಿ ಸವೆತದ ರೀತಿಯೇ ಬದಲಾಗುತ್ತದೆ.

ಹೋಗುವವರು ಡಿಸ್ಕಿನ ತೂಕ, ತೇವಾಂಶ ಮತ್ತು ಘರ್ಷಣ ಬಲದ ಮೂಲ ದತ್ತಾಂಶ ಬೇಕೆಂದು ಶುಲ್ಕ ಕಟ್ಟುವ ಮೊದಲೇ ಅರ್ಜಿಯಲ್ಲಿ ಬರೆದುಕೊಡಬೇಕು. ಕೇಳಿದವರಿಗೆ ಅವರು ಇಲ್ಲವೆನ್ನುವುದಿಲ್ಲ.