ನಾಲ್ಕಿಂಚಿನ ಗೋಡೆ ಫಿಲ್ಟರ್ ಮುಂಬಯಿ ಮಳೆಗೆ ಆಗಿಬರುತ್ತದೆಯೇ?

ಮಳೆನೀರನ್ನು ಸೋಸಿ ಟ್ಯಾಂಕಿಗೆ ಬಿಡಲು, ಟೆರೇಸಿನಿಂದ ಇಳಿಯುವ ಪೈಪನ್ನು ನಡುವೆ ಕತ್ತರಿಸಿ ಸಿಕ್ಕಿಸುವ ಉದ್ದನೆಯ ಡಬ್ಬಿ. ಒಳಗೆ ಸ್ಟೀಲ್ ಜಾಲರಿ, ಪಕ್ಕದಲ್ಲಿ ಸೋಸಿದ ನೀರಿಗೊಂದು ಬಾಯಿ, ಕೆಳಗೆ ಕಸಕ್ಕೊಂದು ಬಾಯಿ. ಬೆಂಗಳೂರಿನ ಮನೆಗೋಡೆಗಳ ಮೇಲೆ ಇದನ್ನು ನೋಡಿ ಬಂದವರು ಮುಲುಂಡ್, ಡೊಂಬಿವಲಿ, ಮೀರಾ ರೋಡ್ ಕಡೆಗೂ ತರಿಸಿಕೊಳ್ಳುತ್ತಾರೆ. ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ನಮೂನೆಯಲ್ಲಿ ಮಾಡುವುದರಿಂದ ಇಲ್ಲಿ ಹೇಳುವುದು ಯಾವುದೇ ಒಂದು ಬ್ರ್ಯಾಂಡಿನ ಮಾತಲ್ಲ; ಫಸ್ಟ್ ಫ್ಲಶ್ ಕಿಟ್ (ಮೊದಲ ಮಳೆಯ ಕೊಳೆ ನೀರನ್ನು ಬೇರೆ ಹಿಡಿದಿಡುವ ಪೈಪು) ಸಮೇತ ಮಾರುವ ನಾಲ್ಕಿಂಚಿನ, ಅಂದರೆ 110 ಮಿ.ಮೀ. ಪೈಪಿನ ಮಾದರಿಯ ಮಾತು. ತೀರ್ಪು ಮೊದಲೇ ಹೇಳಿಬಿಡೋಣ: ಫಿಲ್ಟರ್ ಕೊಳ್ಳಬಹುದು. ಕಿಟ್ ಬೇಡ. ಸಾವಿರ ಲೀಟರಿಗಿಂತ ದೊಡ್ಡ ಟ್ಯಾಂಕ್ ಬೇಡವೇ ಬೇಡ.

ಇದರೊಳಗೆ ಮೋಟಾರೂ ಇಲ್ಲ, ಮರಳೂ ಇಲ್ಲ. ಮಳೆ ಹದವಾಗಿದ್ದಾಗ ನೀರು ಪೈಪಿನ ನಡುವೆ ಬೀಳುವುದಿಲ್ಲ, ಒಳಗೋಡೆಗೆ ಅಂಟಿಕೊಂಡು ಪದರದಂತೆ ಇಳಿಯುತ್ತದೆ. ಅದೇ ಪದರ ಜಾಲರಿಯ ಮೇಲೆ ಬಂದಾಗ ಕಣ್ಣುಗಳ ಮೂಲಕ ಆಚೆ ನುಗ್ಗಿ ಪಕ್ಕದ ಬಾಯಿಗೆ ಹೋಗುತ್ತದೆ. ಎಲೆ, ಗರಿ, ಕಡ್ಡಿ ಜಾರಿಕೊಂಡು ಕೆಳಗಿನ ಬಾಯಿಯಿಂದ ಹೊರಬೀಳುತ್ತವೆ. ಕಸದ ಜೊತೆ ಸ್ವಲ್ಪ ನೀರು ಹೋಗಲೇಬೇಕು, ಜಾಲರಿಯನ್ನು ತೊಳೆಯುವುದು ಆ ನೀರೇ. ಮಳೆ ಧೋ ಎಂದು ಸುರಿಯತೊಡಗಿದರೆ ಪೈಪಿನ ನಡುಭಾಗವೂ ತುಂಬಿ, ನೀರು ಜಾಲರಿಯನ್ನು ಮುಟ್ಟದೆ ನೇರ ಕೆಳಗೆ ಹೋಗುತ್ತದೆ. ಇದನ್ನು ದೋಷ ಎಂದು ದೂರುವವರಿದ್ದಾರೆ. ಮುಂಬಯಿಯಲ್ಲಿ ಅಂಥ ಮಳೆಗೆ ಟ್ಯಾಂಕ್ ಹೇಗೂ ಅರ್ಧ ಗಂಟೆಯಲ್ಲಿ ತುಂಬುತ್ತದೆ. ಆಮೇಲೆ ಹೋದ ನೀರಿಗೆ ಅಳುವುದೇಕೆ?

ಪೈಪು ನೇರವಾಗಿರುವುದು ಮಾತ್ರ ಮುಖ್ಯ. ಡಬ್ಬಿ ಒಂದಿಷ್ಟು ವಾಲಿದರೂ ನೀರೆಲ್ಲ ಒಂದೇ ಮಗ್ಗುಲಿಗೆ ಹರಿದು, ಜಾಲರಿಯ ಉಳಿದ ಭಾಗ ಒಣಗಿಯೇ ಇರುತ್ತದೆ. ಫಿಲ್ಟರಿನ ಮೇಲೆ ಕನಿಷ್ಠ ಎರಡಡಿ ನೇರ ಪೈಪು ಇರಬೇಕು. ಎಲ್ಬೋ (ಪೈಪಿನ ತಿರುವು) ಆದ ಕೂಡಲೇ ಫಿಲ್ಟರ್ ಕೂರಿಸಿದರೆ ನೀರು ಒಂದು ಕಡೆ ಎಗರಿ ಬೀಳುತ್ತದೆ. ಪ್ಲಂಬರ್ "ಹೋ ಜಾಯೇಗಾ" ಎಂದರೂ ಬಿಡದೆ ತೂಗುಗುಂಡು ಹಿಡಿಸಿ. ಇಲ್ಲಿನ ಗಾರೆಯವರನ್ನು ಕೇಳುವುದಾದರೆ ಓಳಂಬಾ ಎನ್ನಬೇಕು.

ಈಗ ರಟ್ಟಿನ ಪೆಟ್ಟಿಗೆಯ ಮೇಲಿನ ಲೆಕ್ಕ. "100 ಚದರ ಮೀಟರ್ ಟೆರೇಸಿಗೆ ಸಾಕು" ಎಂದು ಬರೆದಿರುತ್ತದೆ, ಎಷ್ಟು ಜೋರಿನ ಮಳೆಗೆ ಎಂದು ಬರೆದಿರುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದ ಪ್ರಕಾರ 100 ಮಿ.ಮೀ. ಪೈಪೊಂದು ಗಂಟೆಗೆ 50 ಮಿ.ಮೀ. ಮಳೆಯಲ್ಲಿ ಸುಮಾರು 85 ಚದರ ಮೀಟರ್ ಟೆರೇಸಿನ ನೀರನ್ನು ಇಳಿಸಬಲ್ಲದು. ಗಂಟೆಗೆ 100 ಮಿ.ಮೀ. ಆದರೆ ಸುಮಾರು 42 ಚದರ ಮೀಟರ್ ಮಾತ್ರ, ಅಂದರೆ 450 ಚದರಡಿ. ಬರೀ ಪೈಪಿನ ಗತಿಯೇ ಇದು, ನಡುವೆ ಜಾಲರಿ ಬಂದರೆ ಇನ್ನೂ ಕಡಿಮೆ. ಸಾಂತಾಕ್ರೂಜ್‌ನಲ್ಲಿ 2005ರ ಜುಲೈ 26ರಂದು ಒಂದೇ ದಿನ 944 ಮಿ.ಮೀ. ಸುರಿದ ಊರು ಇದು, ಬೆಂಗಳೂರಿಗೆ ಇಡೀ ವರ್ಷ ಬೀಳುವಷ್ಟು. ಅಷ್ಟಕ್ಕೆ ಯಾರೂ ಪೈಪು ಹಾಕುವುದಿಲ್ಲ ಬಿಡಿ. ಆದರೆ ಗಂಟೆಗೆ 50 ಮಿ.ಮೀ. ಇಲ್ಲಿ ಪ್ರತಿ ಮಳೆಗಾಲದ ಮಾತು. ಆದ್ದರಿಂದ ಒಂದು ಫಿಲ್ಟರಿಗೆ 450–500 ಚದರಡಿಗಿಂತ ಹೆಚ್ಚು ಟೆರೇಸ್ ಕಟ್ಟಬೇಡಿ. ಸಾವಿರ ಚದರಡಿ ಇದ್ದರೆ ಎರಡು ಇಳಿಪೈಪು ಇದ್ದೇ ಇರುತ್ತವೆ. ಒಂದಕ್ಕೆ ಮಾತ್ರ ಫಿಲ್ಟರ್ ಹಾಕಿ ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಸೇರಿಸಿ ಒಂದು ಫಿಲ್ಟರಿಗೆ ತಂದರೆ ಜುಲೈಯಲ್ಲಿ ಟೆರೇಸಿನ ಮೇಲೆ ಕೆರೆ ನಿಂತು ಕೆಳಗಿನ ಮನೆಯ ಸೀಲಿಂಗು ಸೋರುತ್ತದೆ, ಆಮೇಲೆ ಸೊಸೈಟಿ ಮೀಟಿಂಗಿನಲ್ಲಿ ಉತ್ತರ ಕೊಡುವವರು ನೀವೇ.

ಜಾಲರಿಯ ಸ್ಟೀಲ್ ಯಾವುದು ಎಂದು ಕೇಳಿಯೇ ಕೊಳ್ಳಿ. 304 ಎಂಬ ದರ್ಜೆಯದಾಗಿರಬೇಕು. 202 ಅಗ್ಗ, ಹೊಸದರಲ್ಲಿ ಅಷ್ಟೇ ಹೊಳೆಯುತ್ತದೆ, ಆದರೆ ಕಡಲ ಗಾಳಿಗೆ ಬೇಗ ಚಹಾದ ಕಲೆಯಂಥ ತುಕ್ಕು ಹಿಡಿಯುತ್ತದೆ. ಅಂಗಡಿಯವರು ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ" ಎಂದು ತೋರಿಸಿದರೆ ಮರುಳಾಗಬೇಡಿ. 202ಕ್ಕೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ಎರಡನ್ನೂ ಬೇರ್ಪಡಿಸಲು ಮ್ಯಾಂಗನೀಸ್ ಗುರುತಿಸುವ ಹನಿದ್ರಾವಣ ಬೇಕು. ಅದಿಲ್ಲದಿದ್ದರೆ ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ, ಬರೆಯಲು ಹಿಂಜರಿಯುವ ಅಂಗಡಿಯಿಂದ ಎದ್ದು ಬನ್ನಿ. ಮುಂದೆ ಜಾಲರಿ ಹರಿದರೆ ಕಂಪನಿಯದೇ ಬೇಕೆಂದೇನೂ ಇಲ್ಲ. ನಾಗದೇವಿ ಸ್ಟ್ರೀಟಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸ್ಟೀಲ್ ಜಾಲರಿ ಬಿಡಿಯಾಗಿ ಸಿಗುತ್ತದೆ, ಹಳೆಯದನ್ನು ಅಳತೆಗೆ ಒಯ್ಯಿರಿ. ಜಾಲರಿಯ ಕಣ್ಣು 200ರಿಂದ 400 ಮೈಕ್ರಾನ್, ಅಂದರೆ 0.2ರಿಂದ 0.4 ಮಿ.ಮೀ. ಇದ್ದರೆ ಸರಿ. ಅದಕ್ಕಿಂತ ಸಣ್ಣ ಕಣ್ಣು ಕೇಳಲು ಚೆನ್ನ, ಆದರೆ ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ.

ಫಸ್ಟ್ ಫ್ಲಶ್ ಕಿಟ್ ಬಗ್ಗೆ ಇಷ್ಟು ಖಡಾಖಂಡಿತ ಬೇಡ ಅನ್ನುವುದಕ್ಕೆ ಲೆಕ್ಕವೇ ಕಾರಣ. ಮೊದಲ ಮಳೆಯ ಕೊಳೆ ನೀರನ್ನು ಹಿಡಿದಿಟ್ಟುಕೊಂಡು, ತುಂಬಿದ ಮೇಲೆ ಚೆಂಡು ತೇಲಿ ಬಾಯಿ ಮುಚ್ಚಿ, ಒಳ್ಳೆ ನೀರು ಮುಂದಕ್ಕೆ ಹೋಗಲಿ ಎಂಬುದು ಉಪಾಯ. ಉಪಾಯ ಚೆನ್ನಾಗಿದೆ. ಆದರೆ ಕಿಟ್‌ನಲ್ಲಿ ಬರುವುದು ಒಂದು ಮೀಟರ್ ಉದ್ದದ 110 ಮಿ.ಮೀ. ಪೈಪು, ಅದರಲ್ಲಿ ಹಿಡಿಯುವುದು ಎಂಟೂವರೆ ಲೀಟರ್. 40 ಚದರ ಮೀಟರ್ ಟೆರೇಸಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೇ 40 ಲೀಟರ್. ಎಂಟು ತಿಂಗಳು ಒಣಗಿದ, ಪಾರಿವಾಳಗಳು ಆಳಿದ ಟೆರೇಸು ತೊಳೆಯಲು ಎರಡು ಮಿ.ಮೀ. ಆದರೂ ಬೇಕು, ಅಂದರೆ 80 ಲೀಟರ್. ಎಂಟೂವರೆ ಲೀಟರಿನಲ್ಲಿ ಹಿಕ್ಕೆ ನೆನೆಯುತ್ತದೆ ಅಷ್ಟೇ. 160 ಮಿ.ಮೀ. ಪೈಪು ಹಾಕಿದರೂ ಮೀಟರಿಗೆ ಹದಿನೆಂಟು ಲೀಟರ್. ಮೇಲಾಗಿ ಆ ಪೈಪು ತಾನಾಗಿ ಖಾಲಿಯಾಗಲೆಂದು ಬುಡದಲ್ಲಿ ಮೂರು ಮಿ.ಮೀ. ತೂತು ಇಟ್ಟಿರುತ್ತಾರೆ, ಮೊದಲ ವಾರದಲ್ಲೇ ಅದು ಸಿಮೆಂಟ್ ಹುಡಿಯಿಂದ ಮುಚ್ಚಿ, ನೀರು ನಿಂತು ನಾರುತ್ತದೆ. ಎಂಟು ಹತ್ತು ದಿನ ನಿಂತರೆ ಸೊಳ್ಳೆ. ಮಹಾನಗರಪಾಲಿಕೆಯ ಕೀಟ ನಿಯಂತ್ರಣದವರು ಬಂದು ಟಾರ್ಚ್ ಬಿಟ್ಟು ನೋಡುವುದು ಇಂಥ ಮೂಲೆಗಳನ್ನೇ.

ಅದರ ಬದಲು ಟ್ಯಾಂಕಿಗೆ ಹೋಗುವ ಪೈಪಿಗೆ ಒಂದು ಬಾಲ್ ವಾಲ್ವ್, ಅದಕ್ಕೂ ಮೊದಲು ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ), ಟೀಯ ಕೆಳಗಿನ ಬಾಯಿಗೆ ಇನ್ನೊಂದು ವಾಲ್ವ್. ಮುಂಬಯಿಗೆ ಮಳೆಗಾಲ ಸಾಮಾನ್ಯವಾಗಿ ಜೂನ್ 11ರ ಆಸುಪಾಸಿಗೆ ಬರುತ್ತದೆ. ಮೇ ಕೊನೆಯಲ್ಲಿ ಟೆರೇಸ್ ಗುಡಿಸಿ ತೊಳೆದು, ಮೊದಲ ಎರಡು ದೊಡ್ಡ ಮಳೆಯನ್ನು ಪೂರ್ತಿ ಗಟಾರಕ್ಕೆ ಬಿಡಿ. ಆಮೇಲೆ ಟೀಯ ವಾಲ್ವ್ ಮುಚ್ಚಿ ಟ್ಯಾಂಕಿನ ವಾಲ್ವ್ ತೆರೆಯಿರಿ. ಮೂರು ದಿನ ಬಿಸಿಲು ಬಿದ್ದು ಮತ್ತೆ ಮಳೆ ಬಂದಾಗ ಇಪ್ಪತ್ತು ನಿಮಿಷ ಹೊರಗೆ ಬಿಟ್ಟರೆ ಸಾಕು. ದಿನಾ ಮಳೆ ಬೀಳುವ ಊರಿನಲ್ಲಿ ಟೆರೇಸನ್ನು ಮಳೆಯೇ ತೊಳೆದಿಟ್ಟಿರುತ್ತದೆ.

ಟ್ಯಾಂಕ್ ಕೂರಿಸುವಾಗ ಎಡವುವುದು ಹೆಚ್ಚಾಗಿ ಎತ್ತರದಲ್ಲಿ. ಸಾವಿರ ಲೀಟರಿನ ನಿಂತ ಟ್ಯಾಂಕ್ ಹತ್ತಿರಹತ್ತಿರ ಒಂದೂಕಾಲು ಮೀಟರ್. ಬಕೆಟ್ ಇಡಲು ಒಂದಡಿ ಕಟ್ಟೆ. ಫಿಲ್ಟರಿನ ಪಕ್ಕದ ಬಾಯಿ ಇದಕ್ಕಿಂತ ಮೇಲಿರಬೇಕು, ಅಲ್ಲಿಂದ ಟ್ಯಾಂಕಿಗೆ ಹೋಗುವ ಪೈಪಿಗೆ ಮೀಟರಿಗೆ ಎರಡು ಸೆಂ.ಮೀ. ಇಳಿಜಾರು ಬೇಕು. ಒಟ್ಟಿನಲ್ಲಿ ಫಿಲ್ಟರ್ ತಲೆಯ ಎತ್ತರಕ್ಕೆ ಹೋಗುತ್ತದೆ, ತೊಳೆಯಲು ಸ್ಟೂಲ್ ಹತ್ತಬೇಕಾಗುತ್ತದೆ. ಇದು ಈ ಮಾದರಿಯ ನಿಜವಾದ ಅನಾನುಕೂಲ. ಒಳಗೆ ನೀರು ಮೇಲಿಂದ ಧುಮುಕದಂತೆ ಪೈಪನ್ನು ಟ್ಯಾಂಕಿನ ತಳದವರೆಗೆ ಇಳಿಸಿ, ತುದಿಯನ್ನು ಮೇಲ್ಮುಖವಾಗಿ ತಿರುಗಿಸಿ. ಇಲ್ಲದಿದ್ದರೆ ತಳದ ಕೆಸರು ಪ್ರತಿ ಮಳೆಗೂ ಕದಡುತ್ತದೆ. ನಲ್ಲಿ ತಳದಿಂದ ನಾಲ್ಕಿಂಚು ಮೇಲೆ ಇರಲಿ.

ಅಂಗಡಿಯಿಂದ ಬರುವ ಟ್ಯಾಂಕಿನ ಓವರ್‌ಫ್ಲೋ ಒಂದಿಂಚಿನದಾದರೆ ಅದನ್ನು ಮರೆತುಬಿಡಿ. ಒಂದಿಂಚಿನ ತೂತಿನಿಂದ ನಿಮಿಷಕ್ಕೆ 25 ಲೀಟರ್ ಹೋದರೆ ಹೆಚ್ಚು, ಜೋರು ಮಳೆಯಲ್ಲಿ ಒಳಗೆ ಬರುವುದು ಅದರ ಎರಡರಷ್ಟು. ಮುಚ್ಚಳ ಎತ್ತಿಕೊಂಡು ನೀರು ಗೋಡೆಗೆ ಹರಿಯುತ್ತದೆ. 75 ಮಿ.ಮೀ. ಪೈಪಿಗೆ ಹೊಸ ತೂತು ಕೊರೆಸಿ, ತುದಿಗೆ ಸೊಳ್ಳೆ ಜಾಲರಿ ಕಟ್ಟಿ, ಮಳೆನೀರಿನ ಗಟಾರಕ್ಕೆ ಬಿಡಿ. ಸಂಡಾಸಿನ ಲೈನಿಗೆ ಎಂದೂ ಜೋಡಿಸಬೇಡಿ. ಕಡಲಿನ ಭರತದ ಹೊತ್ತಿಗೆ ಭಾರಿ ಮಳೆ ಬಂದರೆ ಈ ಊರಿನಲ್ಲಿ ನೀರು ಹಿಂದಕ್ಕೆ ಒತ್ತುತ್ತದೆ, ಅದು ನಿಮ್ಮ ಟ್ಯಾಂಕಿನೊಳಗೇ ಬಂದೀತು.

ಸಾವಿರ ಲೀಟರ್ ಯಾಕೆ ಸಾಕು? ನಾಲ್ಕು ಜನರ ಮನೆಯಲ್ಲಿ ಸಂಡಾಸಿನ ಫ್ಲಶ್‌ಗೇ ದಿನಕ್ಕೆ ಸುಮಾರು 140 ಲೀಟರ್: ಒಬ್ಬರಿಗೆ ಐದು ಸಲ, ಸಲಕ್ಕೆ ಏಳು ಲೀಟರ್. ಸಾವಿರ ಲೀಟರ್ ಒಂದು ವಾರ ಬರುತ್ತದೆ, ಜುಲೈ ಆಗಸ್ಟಿನಲ್ಲಿ ವಾರದೊಳಗೆ ಮತ್ತೆ ತುಂಬುತ್ತದೆ. ಎರಡು ಸಾವಿರದ್ದು ತಂದರೆ ಮಳೆಗಾಲದಲ್ಲಿ ಉಳಿತಾಯ ಹೆಚ್ಚುವುದಿಲ್ಲ, ಅಕ್ಟೋಬರಿನಲ್ಲಿ ಇನ್ನೊಂದು ವಾರ ದೂಡಬಹುದು, ಅಷ್ಟೇ. ಮೇ ತಿಂಗಳಿಗೆ ಉಳಿಸುತ್ತೇವೆ ಎನ್ನುವವರು ಅಕ್ಟೋಬರಿನಿಂದ ಮೇವರೆಗಿನ 243 ದಿನವನ್ನು 140ರಿಂದ ಗುಣಿಸಿ ನೋಡಲಿ, 34 ಸಾವಿರ ಲೀಟರ್. ಅದೂ ಒಂದು ಮನೆಗೆ, ಬರೀ ಫ್ಲಶ್‌ಗೆ. ಬೆಂಗಳೂರಿನಲ್ಲಿ ಏಪ್ರಿಲಿನಿಂದ ನವೆಂಬರಿನವರೆಗೆ ಬಿಟ್ಟುಬಿಟ್ಟು ಮಳೆ ಬರುವುದರಿಂದ ಟ್ಯಾಂಕ್ ಹಲವು ಸಲ ತುಂಬಿ ಬರಿದಾಗುತ್ತದೆ. ಅಲ್ಲಿನ ಸಂಬಂಧಿಕರ ಸಲಹೆ ಇಲ್ಲಿಗೆ ಹೊಂದುವುದಿಲ್ಲ.

ನೀರು ಯಾವುದಕ್ಕೆ? ಫ್ಲಶ್, ನೆಲ ಒರೆಸುವುದು, ಕಾರು, ಗಿಡ, ಬಟ್ಟೆ. ಮೆದು ನೀರಾದ್ದರಿಂದ ಬಟ್ಟೆಗೆ ಸೋಪಿನ ಪುಡಿ ಕಡಿಮೆ ಹಾಕಿ, ಇಲ್ಲದಿದ್ದರೆ ನೊರೆ ಹೋಗುವುದಿಲ್ಲ. ಕುಡಿಯಲು, ಅಡುಗೆಗೆ ಬೇಡ. ಹೊಟೇಲಿನವರು ಪಾತ್ರೆ ತೊಳೆಯಲೂ ಬೇಡ. ಕಣ್ಣಿಗೆ ತಿಳಿಯಾಗಿ ಕಂಡರೂ 400 ಮೈಕ್ರಾನ್ ಜಾಲರಿ ಪಾರಿವಾಳದ ಹಿಕ್ಕೆಯ ಬ್ಯಾಕ್ಟೀರಿಯಾವನ್ನು ತಡೆಯುವುದಿಲ್ಲ. ಊರಿನ ಹೆಂಚಿನ ಮಾಡಿನಿಂದ ಅಡಿಕೆ ದಂಬೆಯಲ್ಲಿ ಹಿಡಿದ ನೀರಿನ ನೆನಪು ಬೇರೆ, ಡಾಂಬರು ಬಳಿದ ಟೆರೇಸಿನ ನೀರು ಬೇರೆ. ಟ್ಯಾಂಕ್ ವಾಸನೆ ಬಂದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರನ್ನು ಬಕೆಟಿನಲ್ಲಿ ಕದಡಿ, ತಿಳಿಯನ್ನು ಟ್ಯಾಂಕಿಗೇ ಹಾಕಿ. ಫಿಲ್ಟರಿನ ಮೂಲಕ ಸುರಿಯಬೇಡಿ, ಕ್ಲೋರಿನ್ ಸ್ಟೀಲನ್ನು ತಿನ್ನುತ್ತದೆ. ಪಾಲಿಕೆಯ ನೀರಿನ ಪೈಪಿಗೂ ಈ ಪೈಪಿಗೂ ಎಲ್ಲೂ ಜೋಡಣೆ ಇರಬಾರದು, ನಡುವೆ ವಾಲ್ವ್ ಇದೆ ಎಂಬ ಧೈರ್ಯದಲ್ಲೂ ಬೇಡ.

ಜುಲೈ ನಡುವೆ ಫಿಲ್ಟರ್ ಬಿಚ್ಚಿದರೆ ಕೈಗೆ ಸಿಗುವುದು ಎಲೆಯಲ್ಲ. ಜಾಲರಿಯ ಮೇಲೆ ಬೂದುಬಣ್ಣದ ಲೋಳೆ, ಹಾಲಿನ ಕೆನೆಯಷ್ಟು ದಪ್ಪ: ಸಿಮೆಂಟ್ ಹುಡಿ, ಪಾಚಿ, ಹೊಗೆಯ ಮಸಿ ಸೇರಿದ್ದು. ಕಣ್ಣು ಕಟ್ಟುವುದು ಇದೇ. ತಂತಿ ಬ್ರಷ್ ಹಾಕಿದರೆ ಜಾಲರಿ ಗೀರಿ ತುಕ್ಕಿಗೆ ದಾರಿಯಾಗುತ್ತದೆ. ಹಳೆಯ ಟೂತ್‌ಬ್ರಷ್, ಒಂದು ಮಗ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ನೀರು ಸಾಗುವ ದಿಕ್ಕಿಗೆ ಎದುರಾಗಿ, ಹೊರಮೈಯಿಂದ ಒಳಕ್ಕೆ ಉಜ್ಜುವುದು. ಹತ್ತು ನಿಮಿಷದ ಕೆಲಸ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು, ಅದಕ್ಕೆ ವಾರ್ಷಿಕ ಗುತ್ತಿಗೆ ಎಂದು ದುಡ್ಡು ಕೊಡಬೇಕಿಲ್ಲ. ಮುಚ್ಚಳದ ರಬ್ಬರ್ ರಿಂಗ್ ಬಿಚ್ಚುವಾಗ ಜಾರಿ ಬೀಳುತ್ತದೆ, ಜೋಪಾನ. ಕಳೆದುಹೋದರೆ ಪ್ಲಂಬರ್ ಎಂ-ಸೀಲ್ (ಒಣಗಿ ಗಟ್ಟಿಯಾಗುವ ಅಂಟು) ಮೆತ್ತಿ ಮುಗಿಸುತ್ತಾನೆ, ಮುಂದಿನ ಸಲ ಡಬ್ಬಿ ತೆರೆಯುವುದೇ ಇಲ್ಲ. ರಿಂಗಿಗೆ ಸಿಲಿಕಾನ್ ಗ್ರೀಸ್ ಸವರಿಟ್ಟರೆ ಕೂರುವುದೂ ಸುಲಭ, ಏಳುವುದೂ ಸುಲಭ.

ಮುಂಬಯಿಯಲ್ಲಿ 2002ರಲ್ಲಿ ಸಾವಿರ ಚದರ ಮೀಟರಿಗಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೆ, ಆಮೇಲೆ ಅದಕ್ಕಿಂತ ಸಣ್ಣ ನಿವೇಶನಗಳಿಗೂ, ಮಳೆನೀರು ಹಿಡಿಯುವ ಏರ್ಪಾಡು ಕಡ್ಡಾಯವಾದ್ದರಿಂದ ಎಷ್ಟೋ ಸೊಸೈಟಿಗಳಲ್ಲಿ ಇಂಗುಗುಂಡಿ ಆಗಲೇ ಇರುತ್ತದೆ, ಪಾರ್ಕಿಂಗಿನ ಯಾವುದೋ ಮೂಲೆಯಲ್ಲಿ, ಸಿಮೆಂಟ್ ಚಪ್ಪಡಿಯಡಿ. ಅಂಥ ಕಡೆ ಈ ಫಿಲ್ಟರಿನ ಕಸದ ಬಾಯಿಯನ್ನು ಆ ಗುಂಡಿಗೆ ಜೋಡಿಸಲು ಹೋಗಬೇಡಿ, ಜಲ್ಲಿಯ ಸಂದು ಒಂದೇ ಮಳೆಗಾಲದಲ್ಲಿ ಲೋಳೆಯಿಂದ ತುಂಬುತ್ತದೆ. ಟ್ಯಾಂಕಿನ ಓವರ್‌ಫ್ಲೋ ಸೋಸಿದ ನೀರು, ಅದನ್ನು ಬಿಡಬಹುದು.

ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಜಾಲರಿ ತೆಗೆದು ತೊಳೆದು, ಒಣಗಿಸಿ, ಹಳೆ ಪೇಪರಿನಲ್ಲಿ ಸುತ್ತಿ ಮನೆಯೊಳಗಿಡಿ. ಡಬ್ಬಿಯ ಎರಡು ಬಾಯಿಗೂ ಬಟ್ಟೆ ಕಟ್ಟಿ. ಕಟ್ಟದಿದ್ದರೆ ಜೂನಿನಲ್ಲಿ ಮೊದಲು ಹೊರಬರುವುದು ನೀರಲ್ಲ, ಕಣಜ.